ಸಂತೋಷದಿಂದ ಹಾರ ಹಾಕಿದರು

ವೆಂಕಟರತ್ನಮ್ಮ ಬಿ.ಎ. ಓದಲು ಮೈಸೂರಿಗೆ ಹೊರಟಾಗ, ಓದು ಮುಗಿಸಿ ಬಂದು ಟೀಚರಾಗುತ್ತಾಳೆ ಎಂದು ಊರಿನವರು ತಾವೇ ತೀರ್ಮಾನ ಮಾಡಿಬಿಟ್ಟಿದ್ದರು. ಕೊನೆಯ ವರ್ಷದಲ್ಲಿ ಅವಳು ಪತ್ರಿಕೋದ್ಯಮ ಎಂಬ ವಿಷಯ ತೆಗೆದುಕೊಂಡಿದ್ದಾಳೆ ಎಂದು ಗೊತ್ತಾದಾಗ ಯಾರಿಗೂ ತಲೆಬುಡ ತಿಳಿಯಲಿಲ್ಲ. ಅವಳ ಅಪ್ಪ ಮುನಿಸ್ವಾಮಪ್ಪನನ್ನು ಕಾಮಸಮುದ್ರದ ಬಸ್ಸಿನಲ್ಲಿ ಯಾರೋ ಕೇಳಿದರಂತೆ: "ಮಗಳು ಏನು ಓದ್ತಾವ್ಳೆ?" ಹಾಲಿನ ಕ್ಯಾನುಗಳನ್ನು ಮಂಡಿಗೆ ಆನಿಸಿಕೊಂಡು ಕೂತಿದ್ದ ಆತ ಸ್ವಲ್ಪ ಯೋಚಿಸಿ, "ಪೇಪರು" ಎಂದನಂತೆ. "ಪೇಪರ್ ಓದಾಕೆ ಮೈಸೂರಿಗ್ಯಾಕೆ ಓಗ್ಬೇಕು?" ಎಂದು ಬಸ್ಸೆಲ್ಲ ನಕ್ಕಿತಂತೆ.

ಅದು ಬರೀ ಓದುವ ವಿಷಯವಾಗಿದ್ದರೆ ರತ್ನಳಿಗೂ ಸುಲಭವಾಗುತ್ತಿತ್ತು. ಡಿಗ್ರಿ ಸಿಗಬೇಕಾದರೆ ಏನೇನು ಮಾಡಬೇಕೆಂದು ಮೇಷ್ಟ್ರು ಮೊದಲ ದಿನವೇ ಹೇಳಿದ್ದರು. ಇಂಗ್ಲಿಷು, ಕನ್ನಡ ಪಾಸಾಗಬೇಕು. ಪತ್ರಿಕೆಗಳ ಇತಿಹಾಸ ಓದಬೇಕು, ಕಾನೂನು ಓದಬೇಕು. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಇದೆಲ್ಲ ಯಾವ ವಿಷಯಕ್ಕಾದರೂ ಇದ್ದದ್ದೇ. ಆಮೇಲೆ ಅವರು ಕನ್ನಡಕ ಒರೆಸಿಕೊಂಡು ಇನ್ನೊಂದು ಮಾತು ಸೇರಿಸಿದರು. ದಸರಾ ರಜೆಯಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಊರಿನಲ್ಲಿ ಒಂದು ಸಂಚಿಕೆ ಪತ್ರಿಕೆ ಹೊರಡಿಸಬೇಕು. ಸುದ್ದಿ ತರುವುದು, ಬರೆಯುವುದು, ಅಚ್ಚು ಹಾಕಿಸುವುದು, ಹಂಚುವುದು ಎಲ್ಲ ಅವರದೇ. ಒಂದೇ ಕಡೆಯವರು ಇಬ್ಬರಿದ್ದರೆ ಸೇರಿ ಮಾಡಬಹುದು.

"ಗುರುತು ಪರಿಚಯ ಇಲ್ಲದವರು ಅದನ್ನು ಓದಬೇಕು. ನೆಂಟರು ಓದಿದರೆ ಲೆಕ್ಕಕ್ಕಿಲ್ಲ. ತಪ್ಪು ಅಚ್ಚಾದರೆ, ತಪ್ಪಾಯಿತು ಅಂತ ಓದಿದವರಿಗೆ ನೀವೇ ತಿಳಿಸಬೇಕು. ಮಾರ್ಚಿನಲ್ಲಿ ಬೆಂಗಳೂರಿನಿಂದ ಒಬ್ಬ ಸಂಪಾದಕರು ಬಂದು ಅದರ ಮೇಲೆ ನಿಮ್ಮನ್ನು ಪ್ರಶ್ನೆ ಕೇಳುತ್ತಾರೆ. ಅದರಲ್ಲಿ ಪಾಸಾಗದಿದ್ದರೆ ಡಿಗ್ರಿ ಇಲ್ಲ" ಎಂದರು.

ರತ್ನಳ ಕಡೆಯವನು ಕ್ಲಾಸಿನಲ್ಲಿ ಒಬ್ಬನಿದ್ದ. ಉರಿಗಾಂನ ಕುಪ್ಪುಸ್ವಾಮಿ. ಅವನ ಅಪ್ಪ ಅಲ್ಲಿನ ಚಿನ್ನದ ಗಣಿಯಲ್ಲಿ ಒಳಗಿಳಿದು ಕೆಲಸ ಮಾಡುವವನು. ಮನೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು, ಸ್ಕೂಲಿನಲ್ಲಿ ಕನ್ನಡ ಕಲಿತ ಕುಪ್ಪುಸ್ವಾಮಿ ಮೂರನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದ. ರಜೆಗೆ ಊರಿಗೆ ಬರುವ ರೈಲಿನಲ್ಲೇ ಇಬ್ಬರಿಗೂ ಜಗಳ ಶುರುವಾಯಿತು. ಪತ್ರಿಕೆಯ ಹೆಸರಿನಲ್ಲಿ ಚಿನ್ನ ಇರಲೇಬೇಕು ಎಂದು ಅವನು. ನಮ್ಮ ಕಡೆ ರಾಗಿ ಬೆಳೆಯುವವರಿದ್ದಾರೆ, ಹೊಲ ಇರಲಿ ಎಂದು ಇವಳು. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಇಳಿಯುವ ಹೊತ್ತಿಗೆ 'ಚಿನ್ನದ ಹೊಲ' ಎಂದು ರಾಜಿಯಾಯಿತು.

ಹೆಸರು ಸಿಕ್ಕಿತು, ಸುದ್ದಿ ಸಿಗಲಿಲ್ಲ. ರತ್ನ ಊರೂರು ತಿರುಗಿದಳು. ಕೆರೆ ಹೋದ ವರ್ಷದಷ್ಟೇ ತುಂಬಿತ್ತು. ಬಸ್ಸು ಎಂದಿನಂತೆ ತಡವಾಗಿ ಬರುತ್ತಿತ್ತು. ಅವಳ ಅಜ್ಜಿ ಚಿಕ್ಕವೆಂಕಟಮ್ಮ ಅವರೆಕಾಯಿ ಬಿಡಿಸುತ್ತಾ ಮೊಮ್ಮಗಳ ಪೆಚ್ಚು ಮುಖ ನೋಡಿದಳು.

"ಏನೂ ಸಿಗ್ನಿಲ್ವೇನೆ?"

"ಎಲ್ಲರೂ ಚೆನ್ನಾಗವ್ರೆ ಅಜ್ಜಿ. ಏನೂ ನಡೆದಿಲ್ಲ."

"ನಡೀದೆ ಏನು? ಆಚೆಬೀದಿ ಮಾರಿಯಮ್ಮ ಸೊಸೆ ಮ್ಯಾಲೆ ಕೋಪ ಮಾಡ್ಕಂಡು ಮಗಳ ಮನೆಗೆ ಓದ್ಳು. ಅಲ್ಲಿ ಮಗಳ ಅತ್ತೇನೂ ಕೋಪ ಮಾಡ್ಕಂಡು ಇನ್ನೆಲ್ಗೋ ಓಗಿದ್ಳಂತೆ. ಬರ್ಕೋ."

"ಅದನ್ನೆಲ್ಲ ಪೇಪರಲ್ಲಿ ಹಾಕೋಕಾಗಲ್ಲ ಅಜ್ಜಿ."

"ಜನಕ್ಕೆ ಬೇಕಾದ್ದು ಬಿಟ್ಟು ಇನ್ನೇನು ಆಕ್ತೀರಮ್ಮ? ನಾನು ಮದುವೆಯಾಗಿ ಬಂದಾಗಿಂದ ಈ ಊರಿನ ಸುದ್ದಿ ಏಳ್ತಾ ಇವ್ನಿ. ನಂಗ್ಯಾವನೂ ಡಿಗ್ರಿ ಕೊಡ್ನಿಲ್ಲ."

ಅಷ್ಟರಲ್ಲಿ ಕುಪ್ಪುಸ್ವಾಮಿ ತನ್ನ ಪಾಲಿನ ಸುದ್ದಿ ಹೊತ್ತು ತಂದ. ಉರಿಗಾಂನ ಹುಡುಗರು ಫುಟ್‌ಬಾಲಿನಲ್ಲಿ ಗೆದ್ದದ್ದು, ಮೈಸೂರು ಮೈನ್ಸ್ ಗಣಿಯವರ ಮನೆಸಾಲಿನಲ್ಲಿ ಹೊಸ ನಲ್ಲಿ ಬಂದು ಹಳೆಯ ನಲ್ಲಿಯ ಜಗಳವೆಲ್ಲ ಅಲ್ಲಿಗೆ ವರ್ಗವಾದದ್ದು. ಅವನು ಚೆನ್ನಾಗಿಯೇ ಬರೆದಿದ್ದ. ಆದರೂ ಮೊದಲನೆಯ ಪುಟಕ್ಕೆ ದೊಡ್ಡದೊಂದು ಬೇಕಿತ್ತು. ಆ ಶನಿವಾರ ಬಂಗಾರಪೇಟೆಯ ನಾಟಕ ಸಂಘದ ವಾರ್ಷಿಕ ಸಭೆ ಇತ್ತು. ಬೇರೆ ದಾರಿ ಕಾಣದೆ ರತ್ನ ಅಲ್ಲಿಗೆ ಹೋದಳು.

ಸಂಘದ ಅಧ್ಯಕ್ಷರು ರಾಮಚಂದ್ರಪ್ಪ. ಹುಣಸೇಹಣ್ಣಿನ ಮಂಡಿ ಸಾಹುಕಾರರು, ದಾನಿಗಳು, ಧಾರಾಳ ಮನುಷ್ಯರು. ಒಂದೇ ಒಂದು ತೊಂದರೆಯೆಂದರೆ ಸಂಘದವರು ಯಾವ ನಾಟಕ ಆಡಲಿ, ರಾಜಕುಮಾರನ ಪಾರ್ಟು ಅವರದೇ. ಸಂಘ ಶುರುವಾದಾಗ ಅವರಿಗೆ ಅದು ಒಪ್ಪುತ್ತಿತ್ತು. ಈಗ ಮೊಮ್ಮಕ್ಕಳು ಬಂದಿದ್ದರು, ಹೊಟ್ಟೆ ಬಂದಿತ್ತು, ಮಂಡಿನೋವು ಬಂದಿತ್ತು. ಗುರುಗಳ ಪಾದಕ್ಕೆ ಬೀಳುವ ಸೀನಿನಲ್ಲಿ ರಾಜಕುಮಾರ ಬಿದ್ದರೆ ಇಬ್ಬರು ದ್ವಾರಪಾಲಕರು ಬಂದು ಎಬ್ಬಿಸಬೇಕಾಗಿತ್ತು. ಟೈಲರ್ ಸೊಣ್ಣಪ್ಪ ಆ ಇಬ್ಬರಲ್ಲಿ ಒಬ್ಬ. ಪಾರ್ಟಿನ ಮಾತೆಲ್ಲ ಬಾಯಿಪಾಠ ಮಾಡಿಕೊಂಡು, ಇವತ್ತಲ್ಲ ನಾಳೆ ತನಗೆ ಸಿಗುತ್ತದೆ ಎಂದು ಕಾದು ಕಾದು ಅವನ ತಲೆಯೂ ನೆರೆತಿತ್ತು. ಆದರೆ ಸಾಹುಕಾರರಿಗೆ ಬಾಯಿಬಿಟ್ಟು ಹೇಳುವವರು ಯಾರು? ಸೀನು ಸೀನರಿಯ ಬಾಡಿಗೆಯೆಲ್ಲ ಅವರದೇ. ಹಾಗಾಗಿ ಆ ಶನಿವಾರವೂ ಅವರು ಉದ್ದಕ್ಕೆ ಭಾಷಣ ಮಾಡಿದರು, ಮುಂದಿನ ನಾಟಕಕ್ಕೂ ರಾಜಕುಮಾರ ತಾನೇ ಎಂದು ಸಾರಿದರು. ಬಂದಿದ್ದ ಕೆಲವೇ ಸದಸ್ಯರು ಚಪ್ಪಾಳೆ ತಟ್ಟಿ ಹಾರ ಹಾಕಿದರು. ರತ್ನ ಇದ್ದದ್ದನ್ನು ಇದ್ದಂತೆ ಬರೆದುಕೊಂಡಳು.

ಪತ್ರಿಕೆ ಅಚ್ಚಾಗಬೇಕಾದದ್ದು ಮಾರ್ಕೆಟ್ ಹತ್ತಿರ ಸೀನಪ್ಪನ ಪ್ರೆಸ್ಸಿನಲ್ಲಿ. ಅಲ್ಲಿ ಅಚ್ಚಾಗುತ್ತಿದ್ದದ್ದು ಮದುವೆ ಕಾಗದ, ತಿಥಿ ಕಾಗದ, ನಾಟಕದ ಹ್ಯಾಂಡ್‌ಬಿಲ್ಲು. ಕಾಲಿನಿಂದ ತುಳಿಯುವ ಒಂದು ಮೆಷಿನ್ನು, ಮರದ ಗೂಡುಗಳಲ್ಲಿ ಅಕ್ಷರದ ಸೀಸದ ಮೊಳೆಗಳು, ಅವನ್ನು ಒಂದೊಂದಾಗಿ ಹೆಕ್ಕಿ ಜೋಡಿಸುವ ಸೀನಪ್ಪ, ಇಷ್ಟೇ ಅವನ ಪ್ರೆಸ್ಸು. 'ಶ್ರೀ' ಎಂಬ ಮೊಳೆ ಅವನ ಹತ್ತಿರ ಬೊಗಸೆಗಟ್ಟಲೆ ಇತ್ತು. ಉಳಿದ ಅಕ್ಷರಗಳಿಗೆ ಮಾತ್ರ ಬರಗಾಲ. ಸುದ್ದಿ ಅರ್ಧ ಜೋಡಿಸಿ, "ಅಮ್ಮಯ್ಯಾ, ಟಕಾರ ಮುಗೀತು. ಫುಟ್‌ಬಾಲ್ ಬದ್ಲು ಕಾಲ್ಚೆಂಡು ಅಂತ ಬರೀರಿ" ಎನ್ನುವನು. ಇನ್ನರ್ಧ ಗಂಟೆಗೆ ಚಕಾರವೂ ಮುಗಿಯುವುದು. ರತ್ನ ಅಲ್ಲೇ ನಿಂತು ಸುದ್ದಿಯನ್ನು ಇದ್ದ ಅಕ್ಷರಗಳಿಗೆ ಹೊಂದಿಸಿ ತಿದ್ದಿ ಬರೆದುಕೊಟ್ಟಳು. ಕಾಲೇಜಿನಲ್ಲಿ ಕಲಿಸಿದ ಸಂಪಾದನೆಗಿಂತ ಇದು ಕಷ್ಟದ ಸಂಪಾದನೆ ಅನ್ನಿಸಿತು ಅವಳಿಗೆ.

ಸೋಮವಾರ ಬೆಳಿಗ್ಗೆ ಕರಡಚ್ಚು ತೆಗೆದು ನೋಡಿ, ತಪ್ಪುಗಳನ್ನೆಲ್ಲ ಗುರುತು ಹಾಕಿಕೊಟ್ಟಳು. ಸೀನಪ್ಪ ತಿದ್ದಿದ. ಅಷ್ಟು ಹೊತ್ತಿಗೆ ಕುಪ್ಪುಸ್ವಾಮಿ ಬಾಗಿಲಲ್ಲಿ ನಿಂತು ಕುಣಿಯತೊಡಗಿದ್ದ. ಗಣಿಗೆ ಹೋಗುವವರ ಮಾರಿಕುಪ್ಪಂ ರೈಲು ಬಿಟ್ಟುಬಿಟ್ಟರೆ ಗುರುತಿಲ್ಲದ ಓದುಗರು ಅಷ್ಟೊಂದು ಜನ ಇನ್ನೆಲ್ಲೂ ಸಿಗುವುದಿಲ್ಲ ಎಂದು ಅವನ ಆತುರ.

"ಅಮ್ಮಯ್ಯಾ, ಒಂದು ಮೊಳೆ ಮುರಿದೈತೆ, ಬದಲಾಯಿಸ್ತೀನಿ. ಇನ್ನೊಂದು ಕಿತ ನೋಡ್ಬಿಡಿ" ಎಂದ ಸೀನಪ್ಪ.

"ನೋಡಾಯ್ತಲ್ಲ ಸೀನಪ್ಪಣ್ಣ, ಹಾಕಿಬಿಡಿ" ಎಂದಳು ರತ್ನ.

ಆ ಒಂದು ಮಾತಿಗೆ ಅವಳು ಆಮೇಲೆ ಎಷ್ಟು ಸಲ ನಾಲಗೆ ಕಚ್ಚಿಕೊಂಡಳೋ.

ಮಸಿ ಆರದ ಪತ್ರಿಕೆಗಳನ್ನು ಎದೆಗವಚಿಕೊಂಡು ಇಬ್ಬರೂ ಓಡಿ ರೈಲು ಹತ್ತಿದರು. ಬುತ್ತಿ ಡಬ್ಬಿ ಹಿಡಿದ ಗಣಿ ಕೆಲಸದವರು, ತರಕಾರಿ, ಕೋಳಿ ಬುಟ್ಟಿಯ ಹೆಂಗಸರು, ಬಂಗಾರಪೇಟೆಯಲ್ಲಿ ಮನೆ ಮಾಡಿಕೊಂಡ ಗುಮಾಸ್ತರು. ಕುಪ್ಪುಸ್ವಾಮಿ ಮೂರೂ ಭಾಷೆಯಲ್ಲಿ ಕೂಗಿದ. ಕನ್ನಡ ಓದಲು ಬಾರದವರಿಗೆ ತಾನೇ ಓದಿ ತಮಿಳಿನಲ್ಲಿ ಅರ್ಥ ಹೇಳಿದ. ಫುಟ್‌ಬಾಲಿಗೆ ಭೇಷ್ ಅಂದರು, ನಲ್ಲಿ ಜಗಳಕ್ಕೆ ನಕ್ಕರು. ಆಮೇಲೆ ಅವನು ಮೊದಲನೆಯ ಪುಟಕ್ಕೆ ಬಂದ.

"'ಅಧ್ಯಕ್ಷರಾದ ಶ್ರೀ ರಾಮಚಂದ್ರಪ್ಪನವರು ಮುಂದಿನ ನಾಟಕದಲ್ಲೂ ರಾಜಕುಮಾರನ ಪಾತ್ರ ತಮ್ಮದೇ ಎಂದು ಘೋಷಿಸಿ ಭಾಷಣ ಮುಗಿಸಿದ ಕೂಡಲೇ, ಬಂದಿದ್ದ ಸದಸ್ಯರೆಲ್ಲರೂ ಎದ್ದು ನಿಂತು ಸಂತೋಷದಿಂದ ಹೊರ ಹಾಕಿದರು.'"

ಬೋಗಿಯಲ್ಲಿ ಎದ್ದ ನಗುವಿಗೆ ಬುಟ್ಟಿಯೊಳಗಿನ ಕೋಳಿಯೂ ಬೆದರಿ ಕೂಗಿತು. "ಕೊನೆಗೂ ಆಕಿದ್ರಾ! ಒಳ್ಳೆ ಕೆಲ್ಸ ಮಾಡಿದ್ರು ಬಿಡಪ್ಪ!" ಎಂದು ಬಂಗಾರಪೇಟೆಯ ಗುಮಾಸ್ತರೊಬ್ಬರು ತೊಡೆ ತಟ್ಟಿಕೊಂಡರು. ನನಗೊಂದು, ನನಗೊಂದು ಎಂದು ಕೈಗಳು ಮುಂದೆ ಬಂದವು.

ರತ್ನ ಪತ್ರಿಕೆ ಕಸಿದು ನೋಡಿದಳು. ಹಾರ ಇದ್ದ ಕಡೆ ಹೊರ ಕೂತಿತ್ತು.

"ಕುಪ್ಪುಸ್ವಾಮಿ, ನಿಲ್ಲಿಸಿ! ಅದು ತಪ್ಪು!"

"ಅಯ್ಯೋ ಕಡವುಳೇ! ಎಲ್ಲಾ ಪೋಚ್ಚು. ಕೈಯಲ್ಲಿ ಒಂದೂ ಇಲ್ಲ ರತ್ನಮ್ಮ" ಎಂದು ಅವನು ಖಾಲಿ ಕೈ ತೋರಿಸಿದ.

ಬಾಯಿಬಿಟ್ಟು ಕೂಗಿ ಹೇಳಿದಳು, ಅದು ಹಾರ, ಹೊರ ಅಲ್ಲ ಎಂದು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. "ಪೇಪರಲ್ಲೇ ಬಂದೈತಲ್ಲಮ್ಮ" ಎಂದು ಅವಳಿಗೇ ಬುದ್ಧಿ ಹೇಳಿದರು. ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ಎದುರು ದಿಕ್ಕಿನ ರೈಲು ಹಿಡಿದು ಬರುವಾಗ ಅವಳಿಗೆ ಅಳು ಬರುವಂತಾಗಿತ್ತು. ಡಿಗ್ರಿ ಹೋದರೆ ಹೋಗಲಿ, ರಾಮಚಂದ್ರಪ್ಪನವರಿಗೆ ಹೇಗೆ ಮುಖ ತೋರಿಸುವುದು? ಶನಿವಾರ ಸಭೆಯಲ್ಲಿ ಅವರು ತಾವೇ ಕುರ್ಚಿ ಹಾಕಿಸಿ, "ಕೂತ್ಕೋ ತಾಯಿ, ನಿಂತ್ಕಂಡು ಬರೀಬೇಡ" ಅಂದಿದ್ದರು.

ಪ್ರೆಸ್ಸಿನಲ್ಲಿ ಸೀನಪ್ಪ ಕನ್ನಡಕವನ್ನು ಹಣೆಗೇರಿಸಿ ಪತ್ರಿಕೆಯನ್ನು ಮೂಗಿಗೆ ಹಿಡಿದು ನೋಡಿದ. "ಔದಲ್ಲ! ಮುರಿದಿದ್ದು ಅದೇ ಮೊಳೆ. 'ಹಾ' ಮುಗ್ದಿತ್ತು, ಉಳಿದಿದ್ದ 'ಹೊ' ಆಕ್ದೆ. ಏನ್ಮಾಡೋದಮ್ಮಯ್ಯಾ, ನಮ್ಮ ಕಡೆಯೋರ ಬಾಯಲ್ಲೇ ಹಕಾರ ಇಲ್ಲ, ಗೂಡಲ್ಲಿ ಎಲ್ಲಿಂದ ಬರ್ಬೇಕು?" ಅವನ ಮುಖದಲ್ಲಿ ಪಶ್ಚಾತ್ತಾಪ ಇದ್ದಂತೆ ಕಾಣಲಿಲ್ಲ. ಸಂಘದ ನಾಟಕಗಳಲ್ಲಿ ಅವನಿಗೆ ಎಂದೂ ರಾಜಕುಮಾರಿಯ ಸಖಿಯ ಪಾರ್ಟೇ ಎಂಬುದು ರತ್ನಳಿಗೆ ಆಗ ಹೊಳೆಯಿತು. ಬೇಕೆಂದೇ ಮಾಡಿದನೋ, ಕಣ್ಣು ಕಾಣದೆ ಮಾಡಿದನೋ, ಅವನನ್ನು ಕೇಳಿ ಫಲವಿರಲಿಲ್ಲ. ಕೊನೆಯ ಸಲ ನೋಡು ಎಂದು ಅವನು ಕರೆದದ್ದಂತೂ ನಿಜ, ನೋಡದೆ ಬಿಟ್ಟವಳು ತಾನೇ.

ಪ್ರೆಸ್ಸಿನಲ್ಲಿ ಉಳಿದಿದ್ದ ನಾಲ್ಕಾರು ಪ್ರತಿಗಳು ಬೆಳಿಗ್ಗೆಯೇ ಮಾರ್ಕೆಟ್ಟೆಲ್ಲ ಸುತ್ತಿದ್ದವು. ಸಂಘದವರು ಒಬ್ಬೊಬ್ಬರಾಗಿ ಬರತೊಡಗಿದರು. ಸಭೆಗೆ ಚಕ್ಕರ್ ಹೊಡೆದವರೇ ಹೆಚ್ಚು. ತಾವಿಲ್ಲದಾಗ ಇಷ್ಟು ದೊಡ್ಡ ಕೆಲಸ ನಡೆದುಹೋಯಿತಲ್ಲ ಎಂದು ಹೊಟ್ಟೆ ಉರಿದುಕೊಂಡೇ ಬಂದರು. ಸೊಣ್ಣಪ್ಪ ಅಂಗಡಿ ಬಾಗಿಲು ಹಾಕಿ, ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿರಲು ಓಡಿ ಬಂದ. ಕೈಯಲ್ಲಿ ಜಿಲೇಬಿ ಪೊಟ್ಟಣ.

"ತಗಳಮ್ಮ, ಬಾಯಿ ಸಿಹಿ ಮಾಡ್ಕೋ! ಯಾರೂ ಬರೀದೇ ಇದ್ದಿದ್ದು ನೀನು ಬರೆದ್ಬಿಟ್ಟೆ!"

"ಸೊಣ್ಣಪ್ಪಣ್ಣ, ಅದು..."

"ಸಾವ್ಕಾರ್ರು ಬತ್ತಾವ್ರೆ!" ಎಂದು ಯಾರೋ ಅಂದರು. ಎಲ್ಲರ ಬಾಯಲ್ಲೂ ಜಿಲೇಬಿ ಅರ್ಧಕ್ಕೇ ನಿಂತಿತು.

ರಾಮಚಂದ್ರಪ್ಪ ಬಾಗಿಲಲ್ಲಿ ನಿಂತರು. ಕೈಯಲ್ಲಿ ಪತ್ರಿಕೆ ಸುರುಳಿಯಾಗಿತ್ತು. ಮುಖ ಹುಣಸೇಹಣ್ಣಿನ ಬಣ್ಣಕ್ಕೆ ತಿರುಗಿತ್ತು.

"ಮುನಿಸ್ವಾಮಪ್ಪನ ಮಗಳು ಎಲ್ಲಿ?"

ರತ್ನ ಮುಂದೆ ಬಂದಳು. "ಯಜಮಾನ್ರೇ, ತಪ್ಪು ನಂದು. ನಿಮಗೆ ಹಾರ ಹಾಕಿದ್ರು ಅಂತ ನಾನು ಬರೆದಿದ್ದೆ. ಅಚ್ಚಿನಲ್ಲಿ ಹೊರ ಹಾಕಿದ್ರು ಅಂತ ಆಗಿದೆ. ಕೊನೇಲಿ ನಾನು ನೋಡ್ಬೇಕಿತ್ತು, ನೋಡಲಿಲ್ಲ. ನಾಳೆನೇ ಇನ್ನೊಂದು ಹಾಳೆ ಅಚ್ಚು ಹಾಕಿಸಿ, ತಪ್ಪಾಯ್ತು ಅಂತ ಅದೇ ರೈಲಿನಲ್ಲಿ ಹಂಚ್ತೀನಿ."

ಸೊಣ್ಣಪ್ಪನ ಕೈಯಿಂದ ಪೊಟ್ಟಣ ಜಾರಿತು. "ಹಂಗಾರೆ... ಆಕ್ಲಿಲ್ವಾ?" ಅವನ ದನಿ ಅಷ್ಟು ಚಿಕ್ಕದಾಗಿತ್ತು ಎಂದರೆ ರತ್ನಳಿಗೆ ಅವನ ಮುಖ ನೋಡಲಾಗಲಿಲ್ಲ.

ರಾಮಚಂದ್ರಪ್ಪ ಬೈಯುತ್ತಾರೆಂದು ಎಲ್ಲರೂ ಕಾದರು. ಅವರು ಬೈಯಲಿಲ್ಲ. ಕೆಳಗೆ ಚೆಲ್ಲಿದ್ದ ಜಿಲೇಬಿ ನೋಡಿದರು. ಆಮೇಲೆ ಒಬ್ಬೊಬ್ಬರ ಮುಖವನ್ನೂ ನೋಡಿದರು. ಎಲ್ಲರೂ ಪ್ರೆಸ್ಸಿನ ಮೆಷಿನ್ನನ್ನು ಈಗಷ್ಟೇ ಕಂಡವರಂತೆ ಅದರ ಕಡೆ ತಿರುಗಿಕೊಂಡರು.

"ಬೆಳಗಿಂದ ಮಂಡೀಲಿ ಕೂತಿವ್ನಿ" ಎಂದರು ಅವರು ನಿಧಾನಕ್ಕೆ. "ಹಿಂಗೆ ಬಂದೈತಲ್ಲ ಸಾವ್ಕಾರ್ರೇ, ಅನ್ಯಾಯ ಅಂತ ಒಬ್ಬನಾರ ಬತ್ತಾನೇನೋ ಅಂತ ನೋಡ್ದೆ. ಯಾವನೂ ಬರ್ನಿಲ್ಲ. ಈಗ ಇಲ್ಲಿ ನೋಡುದ್ರೆ ಸೀ ಹಂಚ್ತಾವ್ರೆ." ರತ್ನಳ ಕಡೆ ತಿರುಗಿದರು. "ನಿಜ ಏಳು ತಾಯಿ. ರೈಲಲ್ಲಿ ಓದ್ದೋರು ಏನಂದ್ರು?"

ಸುಳ್ಳು ಹೇಳಿದ್ದರೆ ಅವರ ಮನಸ್ಸು ತಂಪಾಗುತ್ತಿತ್ತು. ಆದರೆ ಬೆಳಿಗ್ಗೆಯಿಂದ ಒಂದು ಸುಳ್ಳು ಹಂಚಿ ಅವಳಿಗೆ ಸಾಕಾಗಿಹೋಗಿತ್ತು.

"ನಕ್ಕರು ಯಜಮಾನ್ರೇ. ಒಳ್ಳೆ ಕೆಲ್ಸ ಮಾಡಿದ್ರು ಅಂದ್ರು."

"ಎಲ್ರೂನಾ?"

"ಕೋಳಿ ಒಂದು ಬಿಟ್ಟು" ಎಂದುಬಿಟ್ಟ ಹಿಂದಿನಿಂದ ಕುಪ್ಪುಸ್ವಾಮಿ.

ಯಾರಿಗೋ ತಡೆಯಲಾರದೆ ನಗು ಬಂತು, ಕೆಮ್ಮಿ ಮುಚ್ಚಿಕೊಂಡರು. ಆಗ ಎಲ್ಲರಿಗಿಂತ ಮೊದಲು ಬಾಯಿಬಿಟ್ಟು ನಕ್ಕವರು ರಾಮಚಂದ್ರಪ್ಪನವರೇ. ಹೊಟ್ಟೆ ಕುಣಿಯುವಂತೆ ನಕ್ಕು, ಮುರುಕು ಸ್ಟೂಲಿನ ಮೇಲೆ ಕೂತು, ಮಂಡಿ ಹಿಡಿದುಕೊಂಡರು.

"ಕಳ್ ನನ್ಮಕ್ಳಾ, ಈ ಮಂಡಿ ಇಟ್ಕಂಡು ಪಾದಕ್ಕೆ ಬೀಳೋ ಸೀನಲ್ಲಿ ನಾನು ಎಷ್ಟು ಅವಸ್ಥೆ ಪಡ್ತೀನಿ ಗೊತ್ತೇನ್ರೋ? ಬಿಟ್ಬಿಡನಾ ಅಂತ ಮೂರು ವರ್ಸದಿಂದ ಅನ್ಕತಾ ಇವ್ನಿ. ನೀವು ನೋಡುದ್ರೆ ಪ್ರತಿ ಕಿತ ಚಪ್ಪಾಳೆ ತಟ್ಟಿ ಆರ ಆಕ್ತೀರಿ! ನೀವೆಲ್ಲಿ ಬೇಜಾರು ಮಾಡ್ಕತೀರೋ ಅಂತ ನಾನು. ಲೇ ಸೊಣ್ಣಪ್ಪ, ಪಾರ್ಟು ನಿಂಗೆ ಬೇಕು ಅಂತ ಒಂದಿನ ಬಾಯಿಬಿಟ್ಟು ಕೇಳಿದ್ಯೇನ್ಲಾ?"

ಸೊಣ್ಣಪ್ಪ ಇಲ್ಲವೆಂದು ತಲೆಯಾಡಿಸಿದ. ಕಣ್ಣು ತುಂಬಿಕೊಂಡಿತ್ತು.

"ತಗೋ, ನಿಂದೇ. ನಂಗೆ ರಾಜನ ಪಾರ್ಟು ಕೊಡ್ರಿ. ಸಿಂಹಾಸನದ ಮ್ಯಾಲೆ ಕೂತೇ ಇರ್ಬೋದು." ಏಳುತ್ತಾ ರತ್ನಳಿಗೆ ಹೇಳಿದರು, "ತಪ್ಪೊಪ್ಪಿಗೆ ಆಕಮ್ಮ, ಬಿಡಬೇಡ. ಯಾರೂ ಒರ ಆಕ್ಲಿಲ್ಲ, ನಾನೇ ಬಿಟ್ಟೆ. ಅದು ಬರೀಲೇಬೇಕು."

ಮಾರನೆಯ ದಿನ ಒಂದೇ ಹಾಳೆಯ ಪತ್ರಿಕೆ ಹೊರಟಿತು. ಈ ಸಲ ಸೀನಪ್ಪ ಕರೆಯುವ ಮೊದಲೇ ರತ್ನ ಮೆಷಿನ್ನಿನ ಪಕ್ಕ ನಿಂತು, ಒಂದೊಂದು ಮೊಳೆಯನ್ನೂ ಬೆರಳಿಟ್ಟು ಓದಿದಳು. ಶನಿವಾರ ಸದಸ್ಯರು ಅಧ್ಯಕ್ಷರಿಗೆ ಹಾರ ಹಾಕಿದ್ದು ನಿಜ, ಹೊರ ಹಾಕಿದರೆಂದು ಅಚ್ಚಾದದ್ದು ಪತ್ರಿಕೆಯ ತಪ್ಪು, ಸೋಮವಾರ ಅವರಾಗಿಯೇ ರಾಜಕುಮಾರನ ಪಾತ್ರವನ್ನು ಸೊಣ್ಣಪ್ಪನವರಿಗೆ ಬಿಟ್ಟುಕೊಟ್ಟರು ಎಂದು ಬರೆದಿದ್ದಳು. ಅದೇ ರೈಲಿನಲ್ಲಿ ಕುಪ್ಪುಸ್ವಾಮಿ ಮೂರೂ ಭಾಷೆಯಲ್ಲಿ ತಪ್ಪು ಒಪ್ಪಿಕೊಂಡ. ನಿನ್ನೆಯ ಗುಮಾಸ್ತರಿಗೆ ಸ್ವಲ್ಪ ನಿರಾಸೆಯಾಯಿತು, ಆದರೂ ಓದಿ ಪಕ್ಕದವರಿಗೆ ಕೊಟ್ಟರು.

ಮಾರ್ಚಿನಲ್ಲಿ ಬೆಂಗಳೂರಿನ ಸಂಪಾದಕರು ಬಂದರು. ಒಣಕಲು ಮೈ, ದಟ್ಟ ಹುಬ್ಬು, ನಗುವುದು ಮರೆತಂಥ ಮುಖ. ರತ್ನ ಎರಡೂ ಪತ್ರಿಕೆಗಳನ್ನು ಮುಂದಿಟ್ಟಳು. ತಪ್ಪೊಪ್ಪಿಗೆಯ ಹಾಳೆ ಇಡಬೇಡಿ, ಮೊದಲನೆಯದನ್ನು ಅವರು ಗಮನಿಸದೇ ಇರಬಹುದು ಎಂದು ಕುಪ್ಪುಸ್ವಾಮಿ ವರಾಂಡದಲ್ಲಿ ಎಷ್ಟೋ ಬೇಡಿಕೊಂಡಿದ್ದ. ಅವಳು ಕೇಳಿರಲಿಲ್ಲ.

ಅವರು ಒಂದನ್ನು ಓದಿದರು, ಇನ್ನೊಂದನ್ನು ಓದಿದರು, ಮತ್ತೆ ಮೊದಲನೆಯದಕ್ಕೆ ಹೋದರು.

"ಸೋಮವಾರ ಬೆಳಿಗ್ಗೆ ನೀವು ಬರೆದದ್ದು ಸುಳ್ಳು. ಸಂಜೆಯ ಹೊತ್ತಿಗೆ ಅವರು ಆ ಪಾತ್ರದಿಂದ ಹೊರಗೇ ಬಂದಿದ್ದರು. ಹಾಗಿದ್ದ ಮೇಲೆ ಇದರಲ್ಲಿ ತಿದ್ದುವಂಥದ್ದು ಏನಿತ್ತು?"

"ಅವರನ್ನು ಯಾರೂ ಹೊರ ಹಾಕಲಿಲ್ಲ, ಅವರೇ ಹೊರಗೆ ಬಂದರು ಸಾರ್. ಅಷ್ಟು ತಿದ್ದಿದೆವು. ದಿನವನ್ನೂ ತಿದ್ದಿದೆವು."

ಸಂಪಾದಕರ ಹುಬ್ಬು ಮೇಲಕ್ಕೆ ಹೋಯಿತು. ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ಬಹಳ ಹೊತ್ತು ಕೆಮ್ಮಿದರು. ಕಣ್ಣಲ್ಲಿ ನೀರು ಬಂದದ್ದು ಕೆಮ್ಮಿನಿಂದಲೇ ಇರಬೇಕು. "ನಿಮ್ಮ ಆ ಪ್ರೆಸ್ಸಿನವರನ್ನು ಒಮ್ಮೆ ನೋಡಬೇಕು" ಎಂದಷ್ಟೇ ಹೇಳಿ ಕಳಿಸಿಕೊಟ್ಟರು. ಮೇ ತಿಂಗಳಲ್ಲಿ ಫಲಿತಾಂಶ ಬಂತು. ರತ್ನ ಎರಡನೆಯ ದರ್ಜೆಯಲ್ಲಿ ಪಾಸು. ಕುಪ್ಪುಸ್ವಾಮಿ ಪತ್ರಿಕೋದ್ಯಮದಲ್ಲಿ ಅವಳಿಗಿಂತ ಮುಂದೆ, ಇಂಗ್ಲಿಷಿನಲ್ಲಿ ಫೇಲು. ಸೆಪ್ಟೆಂಬರಿನಲ್ಲಿ ಕಟ್ಟಿ ಅದನ್ನೂ ಮುಗಿಸಿಕೊಂಡ.

ಫಲಿತಾಂಶ ಬಂದ ವಾರದಲ್ಲೇ ಸಂಘದ ನಾಟಕ. ಸಂಜೆಯೇ ಚಾಪೆ ಹಿಡಿದು ಜನ ಬಂದು ಕೂತಿದ್ದರು. ರತ್ನ ಅಜ್ಜಿಯನ್ನು ಕರೆದುಕೊಂಡು ಬಂದಿದ್ದಳು. ಕುಪ್ಪುಸ್ವಾಮಿ ಉರಿಗಾಂನಿಂದ ಅಪ್ಪ ಅಮ್ಮನ ಜೊತೆ ಬಂದಿದ್ದ. ಪರದೆ ಸರಿಯಿತು. ಸಿಂಹಾಸನದ ಮೇಲೆ ರಾಮಚಂದ್ರಪ್ಪ, ಕಿರೀಟ, ಬಿಳಿ ಗಡ್ಡ. ಆ ಗಾಂಭೀರ್ಯ ನೋಡಿ ಜನ ಸುಮ್ಮನಾದರು. ರಾಜಕುಮಾರ ಸೊಣ್ಣಪ್ಪ ತಾನೇ ಹೊಲಿದುಕೊಂಡ ಮಖಮಲ್ ಅಂಗಿಯಲ್ಲಿ ಬಂದು, ಬಾಗಿ, ಬಾಯಿ ತೆರೆದ. ಇಷ್ಟು ವರ್ಷ ಬಾಯಿಪಾಠ ಮಾಡಿದ ಮಾತು ಒಂದೂ ಹೊರಗೆ ಬರಲಿಲ್ಲ. ಹಾರ್ಮೋನಿಯಂ ನಿಂತಿತು.

ರಾಜರು ಸ್ವಲ್ಪ ಹೊತ್ತು ಕಾದರು. ಆಮೇಲೆ ಸಿಂಹಾಸನದಿಂದ ಏಳದೆ, ಕೈ ಚಾಚಿ ಗಂಭೀರವಾಗಿ ನುಡಿದರು:

"ಕುಮಾರಾ! ನೀನು ನಮಗೆ ಹೇಳಬೇಕೆಂದು ಬಂದಿರುವುದು ಏನೆಂದು ನಾವು ಬಲ್ಲೆವು!"

ಎಂದವರೇ ರಾಜಕುಮಾರನ ಮಾತನ್ನು ಮೊದಲಿನಿಂದ ಕೊನೆಯವರೆಗೆ, ಒಂದಕ್ಷರ ಬಿಡದೆ, ತಾವೇ ಹೇಳಿ ಮುಗಿಸಿದರು. ಪ್ರತಿ ಸಾಲಿಗೂ ಸೊಣ್ಣಪ್ಪ ಹೌದೌದೆಂದು ತಲೆಯಾಡಿಸಿದ. ಕೊನೆಯ ಸಾಲಿಗೆ ಅವನಿಗೂ ದನಿ ಬಂತು, ಇಬ್ಬರೂ ಸೇರಿ ಹೇಳಿದರು. ಜನ ಶಿಳ್ಳೆ ಹೊಡೆದರು. ರತ್ನ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ, ನಗುತ್ತಾ, ಅಜ್ಜಿಯ ಭುಜಕ್ಕೆ ಒರಗಿಬಿಟ್ಟಳು.